ಉಕ್ಕಿದ ಹಾಲಿನ ಫೋಟೊ

ನಾನು ಒಂದು ಹಿತ್ತಾಳೆ ಬೋಗುಣಿ. ಹುಟ್ಟಿದ್ದು ಹುಬ್ಬಳ್ಳಿಯ ಕಂಚಗಾರರ ಓಣಿಯಲ್ಲಿ. ಸುತ್ತಿಗೆಯ ಏಟು ತಿಂದು ತಿಂದೇ ನನಗೊಂದು ಹೊಟ್ಟೆ ಬಂತು. ಆಮೇಲೆ ಒಳಗೆ ಕಲಾಯಿ ಹಾಕಿ ಬೆಳ್ಳಗೆ ಮಾಡಿದರು.

ನನ್ನನ್ನು ಕೊಂಡವಳು ನೀಲವ್ವ. ಅವಳ ಗಂಡ ರೈಲ್ವೆಯಲ್ಲಿದ್ದ, ವರ್ಗವಾದಾಗಲೆಲ್ಲ ಹೊಸ ಕ್ವಾರ್ಟರ್ಸು. ಎರಡು ವರ್ಷ ಇರುವ ಮನೆಯಾದರೂ ಹಾಲು ಉಕ್ಕಿಸದೆ ಅಡುಗೆ ಹೂಡಬಾರದೆಂಬುದು ನೀಲವ್ವನ ಹಟ. ಸಾಮಾನು ಬಿಚ್ಚುವ ಮೊದಲೇ ನಾನು ಒಲೆ ಏರಬೇಕು, ಹಾಲು ಉಕ್ಕಿ ನನ್ನ ಮೈಮೇಲೆ ಇಳಿಯಬೇಕು. ಶುಭವೆಲ್ಲ ಅವರಿಗೆ, ತಿಕ್ಕಿಸಿಕೊಳ್ಳುವ ಪಾಡು ನನಗೆ. ಗದಗ, ಹೊಟಗಿ, ಲೋಂಡಾ ಎಂದು ತಿರುಗಿ ತಿರುಗಿ ಸಾಕಾಯಿತು. ನೀಲವ್ವ ತೀರಿಕೊಂಡ ಮೇಲೆ ಮೊಮ್ಮಗ ಪಂಚಾಕ್ಷರಿಯ ಪಾಲಿಗೆ ಬಂದೆ.

ಪಂಚಾಕ್ಷರಿ ಧಾರವಾಡದಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಾನೆ. ಮದುವೆಯಾದದ್ದು ನಲವತ್ತು ದಾಟಿದ ಮೇಲೆ. ಹೆಂಡತಿ ಶಾಂಭವಿ ಕೆನಡಾದಲ್ಲಿ ನರ್ಸ್ ಆಗಿ ಅಲ್ಲಿಯ ಪೌರತ್ವ ಪಡೆದವಳು. ಉದ್ದನೆಯ ರಜೆ ಹಾಕಿ ಬಂದು ಇವನ ಕೈಹಿಡಿದಳು. ಸಪ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದರು. ನಾನು ಮತ್ತೆ ಒಲೆ ಏರಿದೆ. ಇಬ್ಬರೂ ನನ್ನ ಹಿಂದೆ ನಿಂತು ಹಲ್ಲುಬಿಟ್ಟು ಫೋಟೊ ತೆಗೆಸಿಕೊಂಡರು.

ಗಂಡನನ್ನು ಕಾಯಂ ಆಗಿ ಕರೆದೊಯ್ಯಲು ಶಾಂಭವಿ ಅಲ್ಲಿಯ ವಲಸೆ ಕಚೇರಿಗೆ ಅರ್ಜಿ ಹಾಕಿದಳು. ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿರುವುದಕ್ಕೆ ಪುರಾವೆ ಬೇಕೆಂದಾಗ, ಎಲ್ಲಕ್ಕಿಂತ ಮೇಲೆ ನನ್ನ ಫೋಟೊ ಇಟ್ಟರು. ಕೆಳಗೆ ‘ನಮ್ಮ ಹೊಸ ಮನೆಯ ಪ್ರವೇಶ’ ಎಂದು ಸಂಭ್ರಮದಿಂದ ಬರೆದರು. ಎಡವಿದ್ದು ಅಲ್ಲೇ. ತಿಂಗಳುಗಳ ನಂತರ ಉತ್ತರ ಬಂತು: ನೀವು ಅಲ್ಲಿ ಪೂಜೆ ಮಾಡಿ ಹೊಸ ಮನೆ ಹೂಡಿದ್ದೀರಿ, ಇಲ್ಲಿ ಬಂದು ನೆಲೆಸುತ್ತೀರಿ ಎನ್ನುವುದಕ್ಕೆ ಏನು ಆಧಾರ?

“ಬಾಡಿಗಿ ಮನ್ಯಾಗೂ ಹಾಲ ಉಕ್ಕಸ್ತಾರಂತ ಇವರಿಗೆ ಹ್ಯಾಂಗ ತಿಳಸೂದ್ರೀ?” ಎಂದು ಶಾಂಭವಿ ತಲೆ ಹಿಡಿದು ಕೂತಳು.

“ನಾಳೆ ಬಿಡೂ ಮನಿಗೂ ಉಕ್ಕಸ್ತೀವಿ ಅಂತ ಬರಿ,” ಎಂದ ಪಂಚಾಕ್ಷರಿ.

ಬರೆದಳು. ಅಷ್ಟು ಸಾಲದೆಂದು ಅರ್ಜಿ ತುಂಬಿಕೊಟ್ಟಿದ್ದ ಏಜೆಂಟ್ ಹೇಳಿದ. ಆಗ ಹೊರಡುವುದನ್ನು ತೋರಿಸಲು ಮನೆಯ ಸಾಮಾನೆಲ್ಲ ಮಾರಾಟಕ್ಕೆ ನಿಂತಿತು. ಫ್ರಿಜ್ಜು ಹೋಯಿತು, ಮಂಚ ಹೋಯಿತು, ಸ್ಟೀಲ್ ಪಾತ್ರೆಗಳೂ ಹೋದವು, ಅಜ್ಜಿಯದೆಂದು ನಾನೊಂದು ಉಳಿದೆ. ಮನೆ ಬಿಡುತ್ತೇವೆಂದು ಮಾಲಕಿ ಗಂಗವ್ವನಿಗೆ ಬರೆದುಕೊಟ್ಟದ್ದೂ ಆಯಿತು. ಅವಳು ಬಾಗಿಲಲ್ಲಿ ನಿಂತು, “ಬಿಡ್ತೀವಿ ಅಂತ ಬರಕೊಟ್ಟು ಇಲ್ಲೇ ಕುಂತೀರಲ್ರಿ!” ಎಂದು ನಗುತ್ತಿದ್ದಳು. ಕೊನೆಗೆ ಶಾಂಭವಿಯ ರಜೆಯೂ ಮುಗಿಯಿತು. ಅವಳೇ ಮುಂದೆ ಹೋಗಿ ಕೆಲಸಕ್ಕೆ ಸೇರಿ, ಅಲ್ಲಿ ಇಬ್ಬರಿಗಾಗುವ ಮನೆ ಹಿಡಿದರೆ ಅದಕ್ಕಿಂತ ದೊಡ್ಡ ಪುರಾವೆಯಿಲ್ಲ ಎಂದ ಏಜೆಂಟ್. ಹೋದಳು. ಕೂಡಿ ಬಾಳುತ್ತೇವೆಂದು ತೋರಿಸಲು ಅಗಲಿ ಬಾಳುವುದು ಯಾವ ನ್ಯಾಯವೋ! ನನಗಂತೂ ಸಿಟ್ಟು ಬಂದಿತ್ತು.

ಒಂದು ವರ್ಷವಾಗುತ್ತ ಬಂತು. ಪಂಚಾಕ್ಷರಿ ಚಾಪೆಯ ಮೇಲೆ ಮಲಗುತ್ತಾನೆ, ನನ್ನಲ್ಲೇ ಚಹಾ ಕಾಸುತ್ತಾನೆ. ನನ್ನ ಕಲಾಯಿ ಸವೆದಿದೆ. ಅದರಿಂದ ಹಾಲು ಒಡೆದರೂ ಸೋಸಿ ಕುಡಿಯುತ್ತಾನೆ. ಯಾವಾಗ ಹೊರಡಬೇಕಾದೀತೋ ಎಂದು ದೊಡ್ಡ ಕೆಲಸ ಒಪ್ಪಿಕೊಳ್ಳುವುದಿಲ್ಲ. ಎದ್ದ ಕೂಡಲೇ ಅಲ್ಲಿ ಎಷ್ಟು ಹಿಮ ಬಿದ್ದಿದೆಯೆಂದು ಫೋನಿನಲ್ಲಿ ನೋಡುತ್ತಾನೆ. ಇಲ್ಲಿ ಮಳೆ ಬಂದದ್ದು ಅವನಿಗೆ ತಿಳಿಯುವುದು ಒಣಹಾಕಿದ ಬಟ್ಟೆ ನೆಂದ ಮೇಲೆ.

ಮೊನ್ನೆ ಶಾಂಭವಿಯ ಫೋನು ಬಂತು.

“ಇನ್ನೂ ಪುರಾವೆ ಕೇಳ್ಯಾರ್ರೀ. ಮತ್ತೇನರ ಮಾರೂದು ಉಳದದೇನು?”

“ಏನೂ ಉಳದಿಲ್ಲ, ಶಾಂಭವಿ. ನಾ ಒಬ್ಬಾಂವ ಉಳದೇನಿ.”

ಮಾತು ಮುಗಿದ ಮೇಲೆ ಅದೇ ಫೋನಿನಲ್ಲಿ ಮತ್ತೆ ಅಲ್ಲಿಯ ಹಿಮ ನೋಡಿದ.

ನಾನು ಒಲೆಯ ಪಕ್ಕದ ಮೂಲೆಯಲ್ಲಿ ಕೂತು ನೋಡುತ್ತಿರುತ್ತೇನೆ. ಇವನು ಈ ಊರು ಬಿಟ್ಟು ಹೋಗುತ್ತಾನೆಯೇ ಎಂದು ಆ ಕಚೇರಿಗೆ ಇನ್ನೂ ಅನುಮಾನ. ಮೈಯೊಂದು ಇಲ್ಲಿದೆ, ಇವನು ಹೋಗಿ ಬಹಳ ದಿನವಾಯಿತು. ನನ್ನನ್ನು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.