ಆತುರದ ಉರಿ

ಹನಿ ಬಿತ್ತು, ಇನ್ನೊಂದು ತೂಗಿಕೊಂಡು ನಿಂತಿತು, ಬೀಳು ಮುಂಡೇದೇ ಬೀಳು, ತಿಮ್ಮಪ್ಪ ಮಂಚದ ಕಂಬಿ ಹಿಡಿದು ಡ್ರಿಪ್ ಬಾಟಲಿಯನ್ನೇ ದುರುಗುಟ್ಟಿ ನೋಡುತ್ತಿದ್ದಾನೆ, ಕೆಳಗೆ ಹೆಂಡತಿ ಸುವರ್ಣಮ್ಮ, ಊದಿದ ಮುಖದ ಮೇಲೆ ತಣ್ಣನೆ ಬೆವರು, ಹಾಸಿಗೆಯ ಮೇಲೆ ಆ ಕೈ — ಬೇಡ, ಕೈ ನೋಡುವುದು ಬೇಡ — ಇಂಜೆಕ್ಷನ್ ಕೊಟ್ಟು ಎಷ್ಟು ಹೊತ್ತಾಯಿತು, ಯಾಕೆ ಕಣ್ಣು ಬಿಡುತ್ತಿಲ್ಲ, ಹಾಸನದವರೆಗೆ ಹೊತ್ತು ತಂದದ್ದು ಇದಕ್ಕಾ. ಔಷಧಿ ರಕ್ತಕ್ಕೆ ಸೇರಿದೆ ಯಜಮಾನರೇ, ಅಂದಿದ್ದಳು ಡಾಕ್ಟರಮ್ಮ, ಆದರೆ ಅದರ ಕೆಲಸ ಎಲ್ಲಾ ಕಡೆ ಒಂದೇ ವೇಗದಲ್ಲಿ ಆಗಲ್ಲ, ಕೆಲವು ನಿಮಿಷಗಳಲ್ಲೇ ಆಗುತ್ತೆ, ಮುಖ್ಯವಾದ ಕೆಲಸಕ್ಕೆ ಅದು ಜೀವಕೋಶದ ಒಳಗೇ ಹೋಗಿ ಅಪ್ಪಣೆ ಕೊಡಬೇಕು, ಗಂಟೆಗಳು ಹಿಡಿಯುತ್ತೆ, ಇನ್ನು ಕೀಲುನೋವಿನ ಸ್ಟೀರಾಯ್ಡ್ ಮಾತ್ರೆ ನಂಬಿಕೊಂಡು, ಇದನ್ನೇ ಮೈಯೊಳಗೆ ತಯಾರಿಸೋ ಅವರದೇ ಗ್ರಂಥಿ ನಿದ್ದೆ ಹೋಗಿದೆಯಲ್ಲ, ಅದು ಏಳೋಕೆ ತಿಂಗಳುಗಟ್ಟಲೆ. ಇನ್ನೊಂದು ಚುಚ್ಚಿ ಮೇಡಂ, ಬಿರ್ನೆ ಏಳ್ಲಿ. ಅವಸರ ಮಾಡಿದರೆ ಆಗಲ್ಲ — ಇದನ್ನು ಯಾರಿಗೆ ಹೇಳುತ್ತಾಳೆ, ರಾಮನಾಥಪುರದಲ್ಲಿ ಹೊಗೆಸೊಪ್ಪು ಬೇಯಿಸುತ್ತಲೇ ತಲೆ ನರೆತವನಿಗಾ, ಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಎಲೆ ಹಳದಿ ತಿರುಗುವ ತನಕ ಸಣ್ಣ ಉರಿ, ಆಮೇಲೆ ಮೆಲ್ಲಗೆ ಏರಿಸಬೇಕು, ಒಮ್ಮೆಗೇ ಏರಿಸಿದರೆ ಸೊಪ್ಪೆಲ್ಲ ಕಪ್ಪು, ಥೂ, ಸೊಪ್ಪಿಗೆ ತೋರಿಸಿದ ತಾಳ್ಮೆ ಹೆಂಡತಿಗೆ ತೋರಿಸಲಿಲ್ಲ. ಆ ಮಾತ್ರೆ ಬಂದ ವಾರದಲ್ಲೇ ಕೀಲುನೋವು ಕಿತ್ತೆಸೆದಿತ್ತು, ಬೆರಳು ಮಡಚಲಾಗದವಳು ಕಡ್ಡಿಗೆ ಎಲೆ ಕಟ್ಟಲು ಕೂತಳು, ಆಗ ಹೊಗಳಿದವನೂ ಅವನೇ, ಮುಖ ಊದಿದ್ದು ನಿಧಾನ, ದಿನಾ ನೋಡುವ ಕಣ್ಣಿಗೆ ಕಾಣಲೇ ಇಲ್ಲ, ಅರಕಲಗೂಡಿನ ಮದುವೆಮನೆಯಲ್ಲಿ ತಂಗಿ ರಂಜಿನಿ, ಅಣ್ಣೋ, ಅತ್ಗೆಗೆ ಏನ್ ತಿನ್ಸ್ತಿದ್ದೀಯ, ಮುಕ ಒಳ್ಳೆ ಕಡುಬಿನಂಗೆ ಊದ್ಕಂಡೈತೆ, ಜನ ನಕ್ಕರು, ಸುವರ್ಣಮ್ಮನೂ ನಕ್ಕಳು, ಅವನಿಗೆ ಉರಿಯಿತು, ಮನೆಗೆ ಬಂದವನೇ ಮಾತ್ರೆಯ ಶೀಟೆಲ್ಲ ಬಾಚಿ ಬ್ಯಾರನ್ ಒಲೆಯ ಬಾಯಿಗೆ — ಇವೇ ಕಣೇ ನಿನ್ನ ತಿಂತಿರೋದು, ಇನ್ನೊಂದು ಮುಟ್ಟಿದ್ರೆ ನೋಡು. ಬ್ಯಾಡಿ, ಒಂದೇ ಸತಿಗೆ ಬಿಡಬಾರ್ದು ಅಂದವ್ರೆ ಡಾಕ್ಟ್ರು, ಅವಳು ಒಲೆಯತ್ತ ಕೈ ಚಾಚಿದಳು, ಅಂಗೈ ಮೇಲೆ ಮಾಡಿ, ಝಳಕ್ಕೆ ಹಿಂದೆಳೆದುಕೊಂಡಳು. ಆಮೇಲೆ ವಾಂತಿ, ತಲೆಸುತ್ತು, ಪಿತ್ತ ಕಣೇ, ನಿಂಬೆಹಣ್ಣು ಹಿಂಡ್ಕಂಡು ಕುಡಿ ಅಂದದ್ದೂ ಇದೇ ಬಾಯಿ, ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕುಸಿದಳು. ಲೇ ಸುವರ್ಣಿ, ಬೈಯೇ ನನ್ನ, ಒಂದ್ಸಲ ಬೈಯೇ. ಬಿ.ಪಿ. ಇನ್ನೂ ಏರಿಲ್ಲ, ಕಾಯಿರಿ, ನರ್ಸ್ ಅನ್ನುತ್ತಾಳೆ, ಕಾಯುವುದು, ಜಗಳ ತೆಗೆಯಲು ಇಲ್ಲಿ ಯಾರಿದ್ದಾರೆ, ಹನಿ ಬಿತ್ತು, ಸೂಜಿ ಚುಚ್ಚಿದ ಕೈ ಹಾಸಿಗೆಯಂಚಿಗೆ ಜಾರಿ ಅಂಗೈ ತೆರೆದುಕೊಂಡಿದೆ, ಕೊಡಿ ಅನ್ನುವಂತೆ, ಹನಿ, ಒಲೆಯತ್ತ ಚಾಚಿದ ಕೈ, ಹನಿ, ಹಿಂದೆಳೆದುಕೊಳ್ಳಲಾಗದ ಕೈ — ಚಾಚಿದ ಕೈ —