ನೂರು ಷೇರಿನ ಒಂದು ಪ್ರಶ್ನೆ

“ಸಕ್ರೆ ಸಾಕಾ ಸಾರ್?” ಅಂತ ಅಬ್ದುಲ್ ಜಬ್ಬಾರ್ ಮೂರನೇ ಸಲ ಕೇಳ್ದ. ಅವನು ಇಪ್ಪತ್ತೆಂಟು ವರ್ಷ ಫಿಟ್ಟರ್ ಆಗಿದ್ದ ಅರಿಶಿನದ ಮಿಲ್ಲಿನ ಯಜಮಾನ್ರು ರಂಗರಾಜು ಗುಂಡ್ಲುಪೇಟೆಯ ಅವನ ಮನೇಲಿ, ಅವನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಚಾ ಕುಡೀತಿದ್ರು. ಇಂಥದ್ದು ಹಿಂದೆ ಯಾವತ್ತೂ ಆಗಿರ್ಲಿಲ್ಲ.

“ಷೇರ್ ಮಾರ್ಕೆಟ್‌ನಿಂದ ನಮ್ಮ ಕಂಪನಿ ಹೆಸರು ತೆಗಿಸ್ಬುಡನ ಅಂತ, ಸಾಬ್ರೇ. ವರ್ಷಾ ವರ್ಷಾ ಅಲ್ಲಿಗೆ ಫೀಸು, ಆಡಿಟರ್‌ಗೆ ಫೀಸು, ಪೇಪರ್‌ಗೆ ಜಾಹೀರಾತು. ಒಂದು ಷೇರು ಮಾರಾಟ ಆಗಿ ಆರು ವರ್ಷ ಆಯ್ತು. ಕೊಳ್ಳೋರೇ ಬರ್ದಿರೋ ಸಂತೇಲಿ ಸುಂಕ ಕಟ್ಕಂಡು ಯಾಕೆ ಕೂತ್ಕಳದು? ನಿಮ್ಮೆಲ್ಲರ ಷೇರೂ ಒಳ್ಳೆ ರೇಟಿಗೆ ನಾನೇ ತಗತೀನಿ. ಹಳೇ ಕೆಲಸಗಾರರ ಒಪ್ಪಿಗೆ ಬೇಕು. ನೀವು ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ.”

“ಓದ್ಕೊಂಡು ಸೈನ್ ಹಾಕ್ರೀ,” ಅಂದ್ಲು ಬಾಗಿಲ ಮರೇಲಿದ್ದ ಹೆಂಡ್ತಿ ಹಫೀಜಾ.

ಮನೆಗೆ ಬಂದವರ ಎದುರು ಕಾಗದ ಓದ್ತಾ ಕೂರೋದಾ? ನಮ್ಮ ಚಾ ಕುಡಿದವರಿಗೆ ಇಲ್ಲ ಅನ್ನೋದಾ? ಜಬ್ಬಾರ್ ಸೈನ್ ಹಾಕ್ದ. ಆಮೇಲೆ ಒಂದು ವಾರ ಉಮ್ಮತ್ತೂರು, ಕುದೇರು ಅಂತ ಬಸ್ಸು ಹತ್ತಿ ಇಳಿದು, ಒಂದು ಕಾಲಕ್ಕೆ ಬೋನಸ್ ಬದಲು ಷೇರು ಸಿಕ್ಕಿದ್ದ ಮೂವತ್ತೊಂದು ಮನೆಯಿಂದಲೂ ಸೈನ್ ತಂದ. “ಏನ್ ಸಾಬ್ರೇ, ಯಜಮಾನ್ರ ಪಾರ್ಟಿ ಆಗ್ಬುಟ್ರಾ?” ಅಂತ ಜೊತೇಲಿ ಕೆಲಸ ಮಾಡಿದ್ದ ಶಿವಸ್ವಾಮಿ ರೇಗಿಸಿದ್ದಕ್ಕೆ ಒಳಗೊಳಗೇ ಹಿಗ್ಗಿದ.

ಒಪ್ಪಿಗೆ ಪಾಸಾಯ್ತು. ಎಲ್ಲರ ದುಡ್ಡೂ ಬಂತು. ಆಗಸ್ಟಲ್ಲಿ ಮಿಲ್ ಗೇಟ್ ಹತ್ರ, ಪುಡಿ ಮಾಡೋ ರೂಮಲ್ಲಿ ಕೆಲಸಕ್ಕಿದ್ದ ಪುಟ್ಟಮಲ್ಲಮ್ಮ ಸಿಕ್ಕಿದ್ಲು. ಮಾತಿಗೊಂದ್ಸಲ ಕೆಮ್ಮು.

“ಮೀಟಿಂಗು ಯಾವತ್ತು ಜಬ್ಬಾರಣ್ಣ? ಈ ಸಲ ಬುಡ್ಬ್ಯಾಡ ಕಣಣ್ಣ.”

ಷೇರುದಾರರ ಮೀಟಿಂಗು. ಹನ್ನೊಂದು ವರ್ಷದಿಂದ ಜಬ್ಬಾರ್ ತನ್ನ ನೂರು ಷೇರಿನ ಬಲದ ಮೇಲೆ, ಇಸ್ತ್ರಿ ಷರಟು ಹಾಕ್ಕೊಂಡು ಅಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳ್ತಿದ್ದ: ಪುಡಿ ರೂಮಿಗೆ ಧೂಳೆಳೆಯೋ ಫ್ಯಾನು ಯಾವಾಗ? ಆ ಹೆಂಗಸರಿಗೆ ಷೇರಿಲ್ಲ, ಅವರು ಒಳಗೇ ಬರೋ ಹಾಗಿಲ್ಲ. ಷೇರುದಾರ ಕೇಳಿದ್ರೆ ಯಜಮಾನ್ರು ಎಲ್ಲರ ಮುಂದೆ ಉತ್ತರ ಹೇಳ್ಬೇಕು, ಅದು ಮೀಟಿಂಗ್ ಬುಕ್ಕಲ್ಲಿ ಸೇರ್ಬೇಕು. ಹೋದ ವರ್ಷ ಮೈಸೂರಿನ ಆಡಿಟರೇ, “ಮುಂದಿನ ಮೀಟಿಂಗೊಳಗೆ ಹಾಕಿಸ್ಬಿಡಿ ಸಾರ್” ಅಂದಿದ್ರು.

ಇನ್ನು ಮೇಲೆ ಮೀಟಿಂಗು ಅಂದ್ರೆ ರಂಗರಾಜು, ಅವರ ಹೆಂಡ್ತಿ, ಅವರ ತಮ್ಮ. ಮನೆ ಊಟದ ಟೇಬಲ್ಲು. ಜಬ್ಬಾರ್‌ಗೆ ಅದು ಹೊಳೆದದ್ದೇ ಈಗ.

“ನಾನೀಗ ಷೇರುದಾರ ಅಲ್ಲಮ್ಮ.”

“ಕುದೇರಿನವ್ರು ಯಾರಾರ ಕೇಳಾಕಿಲ್ವಾ?”

“ಅವರೂ ಇಲ್ಲ. ನಾನೇ ಹೋಗಿ ಸೈನ್ ಮಾಡಿಸ್ಬುಟ್ಟೆ.”

ಬೈತಾಳೆ ಅಂದ್ಕೊಂಡ. ಅವಳು ನಕ್ಕಳು. “ಬುಡಣ್ಣ, ಆಡಿಟ್ರು ಏಳಿದ್ ಮಾತ್ರುಕ್ಕೆ ಆಕುಸ್ಬುಡ್ತಿದ್ರಾ?”

ಹಾಕಿಸ್ತಿದ್ರು. ಇಬ್ಬರಿಗೂ ಗೊತ್ತಿತ್ತು.

ಸೈರನ್ ಕೂಗ್ತು. ಪುಟ್ಟಮಲ್ಲಮ್ಮ ಸೆರಗನ್ನ ಮೂಗಿಗೆ ಎರಡು ಸುತ್ತು ಸುತ್ಕೊಂಡು ಒಳಗೆ ಹೋದ್ಲು. ಮೆಷಿನ್ ಶುರುವಾಯ್ತು. ಬಾಗಿಲ ತುಂಬ ಅರಿಶಿನ ಎದ್ದು ನಿಂತ್ಕೊಳ್ತು. ಒಳಗೆ ಓಡಾಡ್ತಿದ್ದ ಆರು ಜನರಲ್ಲಿ ಅವಳು ಯಾರು ಅಂತ ಜಬ್ಬಾರ್‌ಗೆ ಗೊತ್ತಾಗ್ಲಿಲ್ಲ.