ಮುಚ್ಚಿಗೆಯ ಮಣ್ಣು

ನೀಲಾಂಬಿಕಳಿಗೆ ಊರಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ. ಇದ್ದ ದ್ವೇಷವೆಲ್ಲ ತನ್ನ ಮನೆಯ ನಡುಕೋಣೆಯ ಮುಚ್ಚಿಗೆಯ ಮೇಲೆ. ಹೆಂಚಿನ ಕೆಳಗೆ ಮತ್ತಿಮರದ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಲಕ್ಕಿಸೊಪ್ಪು ಹಾಸಿ ಮುಕ್ಕಾಲು ಅಡಿ ದಪ್ಪಕ್ಕೆ ಮೆತ್ತಿದ ಕೆಂಪು ಮಣ್ಣು. ಅವಳ ಮಾವನ ಅಪ್ಪ ಮಾಡಿಸಿದ್ದು. ಅವಳು ತೊಗರ್ಸಿಯ ಆ ಮನೆಗೆ ಸೊಸೆಯಾಗಿ ಬಂದ ಮಾರನೆಯ ದಿನದಿಂದ ಮೂವತ್ತೆರಡು ವರ್ಷ ಅದು ಉದುರುತ್ತಲೇ ಇತ್ತು. ಹಾಸಿಗೆಯ ಮೇಲೆ ಉದುರಿತು, ಅನ್ನದ ಮೇಲೆ ಉದುರಿತು, ಒಗೆದು ಮಡಿಸಿಟ್ಟ ಸೀರೆಯ ಮೇಲೂ ಉದುರಿತು. ದಿನಕ್ಕೆ ಮೂರು ಸಲ ಗುಡಿಸಿದರೂ ನಾಲ್ಕನೆಯ ಸಲಕ್ಕೆ ಮಣ್ಣು ಸಿಗುತ್ತಿತ್ತು.

ಮಗಳು ಗಂಗಾಶ್ರೀಯನ್ನು ನೋಡಲು ಆನವಟ್ಟಿಯಿಂದ ಗಂಡಿನವರು ಬಂದಿದ್ದರಲ್ಲ, ಆವತ್ತು ಗಂಡಿನ ತಾಯಿ ರಾಜೇಶ್ವರಮ್ಮನ ಉಪ್ಪಿಟ್ಟಿನ ತಟ್ಟೆಗೇ ಗೆದ್ದಲು ಮಣ್ಣಿನ ಹೆಂಟೆಯೊಂದು ಟಪ್ಪನೆ ಬಿತ್ತು. ರಾಜೇಶ್ವರಮ್ಮ ಏನೂ ಅನ್ನಲಿಲ್ಲ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮದುವೆ ಸುಸೂತ್ರವಾಗಿಯೇ ಆಯಿತು, ಆದರೆ ಆ ತಟ್ಟೆ ಸರಿದ ಸದ್ದು ನೀಲಾಂಬಿಕಳ ಕಿವಿಯಿಂದ ಹೋಗಲಿಲ್ಲ.

ಗಂಗಾಶ್ರೀ ಬಸುರಿಯಾದಳು. ಚೊಚ್ಚಲು ಬಾಣಂತನ ತವರಲ್ಲೇ ಆಗಬೇಕು, ಅದೂ ನಡುಕೋಣೆಯಲ್ಲೇ. ಕೂಸನ್ನು ನೋಡಲು ಬೀಗಿತ್ತಿ ಬಂದೇ ಬರುತ್ತಾಳೆ. ಸಂಕ್ರಾಂತಿ ಕಳೆದದ್ದೇ ನೀಲಾಂಬಿಕ ಮೇಸ್ತ್ರಿ ಮಾಸ್ತಪ್ಪನಿಗೆ ಹೇಳಿಕಳಿಸಿದಳು. ಹಳೆಯ ಮುಚ್ಚಿಗೆಗಳ ಒಳಹೊರಗು ಬಲ್ಲವನು ಆ ಸುತ್ತಿನಲ್ಲಿ ಅವನೊಬ್ಬನೇ ಉಳಿದಿದ್ದ. ಅವನು ತಲೆಯೆತ್ತಿ ಒಂದು ಗಳಿಗೆ ನೋಡಿದ.

“ಮಣ್ಣು ತೆಗಿಯಾದು ಸುಲಭ ಅಮ್ಮಾರೆ. ಆದ್ರ ಬದ್ಲಿಗೆ ಏನ್ ಹಾಕ್ತೀರಿ?”

“ಹೂವಿನ ಸೀಲಿಂಗ್ ಹಾಕಿಸ್ತೀನಿ, ಪಿವಿಸಿದು. ಮ್ಯಾಲೆ ಹೆಂಚು ತೆಗ್ಸಿ ಶೀಟು.”

“ಅದು ನೋಡಾಕೆ ಅಷ್ಟೇರಿ. ಈ ಮಣ್ಣು ಬರೀ ಉದುರಾಕೆ ಕುಂತಿಲ್ಲ ಇಲ್ಲಿ. ಬಿಸಲು ಕುಡಿತೈತೆ.”

ಶಿಕಾರಿಪುರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮಗ ಸಂಗಮೇಶನೂ ಬೇರೆ ಮಾತಲ್ಲಿ ಅದನ್ನೇ ಹೇಳಿದ. ಹೆಂಚು ತೆಗೆದು ಶೀಟು ಹೊದಿಸುವುದಾದರೆ ಅದರ ಅಡಿಗೆ ಕಾವು ತಡೆಯುವ ಹಾಸು ಹಾಕಲೇಬೇಕು, ಉಣ್ಣೆಯ ಹಾಗೆ ಇರುತ್ತದೆ, ಶಿವಮೊಗ್ಗದಲ್ಲಿ ಸಿಗುತ್ತದೆ ಎಂದ.

“ಶೀಟಿಗೂ ಸೀಲಿಂಗಿಗೂ ನಡುವೆ ಹಾಸಿಗೆ ಹಾಸ್ತೀಯಾ? ಯಾರು ಮಲಗ್ತಾರಪ್ಪ ಅಲ್ಲಿ, ಇಲಿನಾ?” ಎಂದು ನೀಲಾಂಬಿಕ ನಕ್ಕಳು. ಕಣ್ಣಿಗೆ ಕಾಣದ ವಸ್ತುವಿಗೆ ಖರ್ಚು ಮಾಡುವ ಜಾಯಮಾನ ಅವಳದಲ್ಲ. ಗಂಡ ಪರಮಶಿವಪ್ಪ ಎಂದಿನಂತೆ ಹೆಗಲಿಗೆ ಟವೆಲ್ ಹಾಕಿಕೊಂಡು ಗದ್ದೆಯ ಕಡೆ ನಡೆದ.

ಮೂರು ಟ್ರ್ಯಾಕ್ಟರ್ ಮಣ್ಣು ಇಳಿಯಿತು. ಅದನ್ನು ಹಿತ್ತಲಲ್ಲಿ ಹೊಂಗೆ ಮರದ ಬುಡಕ್ಕೆ ಸುರಿದರು. ತೊಲೆಗಳನ್ನು ಮರದ ಮಿಲ್ಲಿನವರು ಒಯ್ದರು. ಕಬ್ಬಿಣದ ಪೈಪಿನ ಮೇಲೆ ನೀಲಿ ಶೀಟು, ಕೆಳಗೆ ಬಿಳಿ ಸೀಲಿಂಗಿನ ಮೇಲೆ ನೀಲಿ ಹೂಬಳ್ಳಿ. ಓಣಿಯ ಹೆಂಗಸರೆಲ್ಲ ಬಂದು ಕತ್ತೆತ್ತಿ ನೋಡಿದರು. ನೀಲಾಂಬಿಕ ಆ ವಾರ ಪೊರಕೆಯನ್ನು ಮೂಲೆಗೆ ಒರಗಿಸಿ ರಾಣಿಯಂತೆ ಓಡಾಡಿದಳು. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಅದು ತನ್ನ ಮನೆಗೂ ಸಲ್ಲುತ್ತದೆಂದು ಅನ್ನಿಸಿರಲಿಲ್ಲ.

ಮಾರ್ಚ್ ಕೊನೆಗೆ ಗಂಗಾಶ್ರೀ ಗಂಡು ಕೂಸು ಹೆತ್ತು ಮನೆಗೆ ಬಂದಳು. ಬಾಣಂತನದಲ್ಲಿ ನೀಲಾಂಬಿಕಳನ್ನು ಮೀರಿಸುವವರಿರಲಿಲ್ಲ. ನಡುಕೋಣೆಯ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದಳು. ಫ್ಯಾನಿನ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದಳು. ಹೊರಸಿನ ಕೆಳಗೆ ಅಗ್ಗಿಷ್ಟಿಕೆಯ ಕೆಂಡ, ತಾಯಿಯ ಕಿವಿಗೆ ಹತ್ತಿ, ಕೂಸಿಗೆ ಉಲ್ಲನ್ ಟೋಪಿ, ಎರಡು ಸುತ್ತು ಬಟ್ಟೆ. ಬಾಣಂತಿಗೆ ಊಟಕ್ಕೊಂದು ಲೋಟ ಬಿಸಿನೀರು, ಅದರ ಮೇಲೆ ಒಂದು ಗುಟುಕೂ ಇಲ್ಲ.

“ಕಾವು ತಡಿಯಾಕೆ ಆಗ್ತಿಲ್ಲವ್ವ, ಕಿಟಕಿನಾರೂ ತೆಗಿ,” ಎಂದಳು ಗಂಗಾಶ್ರೀ.

“ನಿನ್ನ ಹೆತ್ತಿದ್ದೂ ಇಂಥದೇ ಬ್ಯಾಸಿಗ್ಯಾಗೆ, ಇದೇ ಕೋಣ್ಯಾಗೆ. ಕಂಬಳಿ ಹೊದ್ಕಂಡು ನಡುಗ್ತಿದ್ದೆ ನಾನು. ಗಾಳಿ ತಾಗಿದ್ರೆ ಸನ್ನಿ ಆಗ್ತೈತೆ, ಸುಮ್ನೆ ಮಲಗು.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಕಂಬಳಿ ಹೊದ್ದದ್ದು ನಿಜ, ನಡುಗಿದ್ದೂ ನಿಜ. ಆಗ ತಲೆಯ ಮೇಲೆ ಮುಕ್ಕಾಲು ಅಡಿ ಮಣ್ಣಿತ್ತು. ಆ ಕೋಣೆ ಏಪ್ರಿಲ್ಲಿನಲ್ಲೂ ಬಾವಿಯ ಹಾಗೆ ತಣ್ಣಗಿರುತ್ತಿತ್ತು, ಅದಕ್ಕೇ ಕೆಂಡ ಬೇಕಾಗುತ್ತಿತ್ತು. ಮಣ್ಣು ಇಳಿಸಿದವಳು ಕೆಂಡವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಳು. ಎರಡನ್ನೂ ಒಂದು ಕಡೆ ಇಟ್ಟು ಯೋಚಿಸುವುದು ಅವಳಿಗೆ ಹೊಳೆಯಲೇ ಇಲ್ಲ.

ಹದಿನಾಲ್ಕನೆಯ ದಿನ ಆಶಾ ಕಾರ್ಯಕರ್ತೆ ಸ್ಪಂದನ ಬಂದಾಗ ನೀಲಾಂಬಿಕ ಅವಳನ್ನು ಹೊಸಿಲಲ್ಲೇ ತಡೆದಳು. ಕೂಸು ಮಲಗೈತೆ, ಹೊರಗಿನ ಗಾಳಿ ಬ್ಯಾಡ ಎಂದು ಕಾಫಿ ಕೊಟ್ಟು ಕಳಿಸಿದಳು. ಆಮೇಲಿನ ವಾರ ಬಿಸಿಲು ಏರಿತು. ಕೂಸು ಅಳುವುದು ಕಡಿಮೆಯಾಯಿತು. ಪಕ್ಕದ ಮನೆಯ ವೀರಮ್ಮನ ಮುಂದೆ ನೀಲಾಂಬಿಕ ಅದನ್ನೇ ಹೆಚ್ಚುಗಾರಿಕೆಯಿಂದ ಹೇಳಿಕೊಂಡಳು: “ಎಂಥ ಸಾಧು ಕೂಸು ಅಂತೀಯ, ಕುಂಯ್ ಅನ್ನಲ್ಲ.” ಹಗ್ಗದ ಮೇಲೆ ಒಣಹಾಕುವ ಕೂಸಿನ ಬಟ್ಟೆಗಳೂ ಕಡಿಮೆಯಾದವು. ಮೊದಲು ಹಗ್ಗ ತುಂಬುತ್ತಿತ್ತು, ಈಗ ಮೂರೋ ನಾಲ್ಕೋ. ಒಗೆಯುವವಳು ಅವಳೇ, ನೋಡಿದವಳೂ ಅವಳೇ. ಬಿಸಿನೀರಿನ ಸ್ನಾನಕ್ಕೆ ಕೂಸಿನ ಮೈ ಗಟ್ಟಿಯಾಗುತ್ತಿದೆ ಎಂದುಕೊಂಡಳು.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಸ್ಪಂದನ ಮತ್ತೆ ಬಂದಳು. ಈ ಸಲ ಹೊಸಿಲಲ್ಲಿ ನಿಲ್ಲಲಿಲ್ಲ. ನಡುಕೋಣೆಯ ಬಾಗಿಲು ತಳ್ಳಿದವಳು ಮುಖಕ್ಕೆ ಬಡಿದ ಬಿಸಿಗೆ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಒಳಗೆ ಹೋಗಿ ಕೂಸಿನ ಟೋಪಿ ಕಿತ್ತು, ಬಟ್ಟೆ ಬಿಚ್ಚಿ, ಕಂಕುಳಿಗೆ ಥರ್ಮಾಮೀಟರ್ ಇಟ್ಟಳು. ನೂರಾ ಮೂರು. ಕೂಸಿನ ತುಟಿ ಒಣಗಿತ್ತು, ನೆತ್ತಿ ಕುಳಿಬಿದ್ದಿತ್ತು.

“ಬೆಳಿಗ್ಗಿಂದ ಎಷ್ಟು ಸಲ ಉಚ್ಚೆ ಹೊಯ್ದೈತ್ರಿ?”

ನೀಲಾಂಬಿಕ ಹಗ್ಗದ ಕಡೆ ನೋಡಿದಳು. ಹಗ್ಗದ ಮೇಲೆ ಒಂದೇ ಒಂದು ಬಟ್ಟೆ ಇತ್ತು.

ಸಂಗಮೇಶ ಕಾರು ತರುವ ಹೊತ್ತಿಗೆ ಸ್ಪಂದನ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತಿದ್ದಳು, ಗಂಗಾಶ್ರೀ ಹಾಲೂಡಿಸಲು ಹೆಣಗುತ್ತಿದ್ದಳು. ಶಿಕಾರಿಪುರದ ಆಸ್ಪತ್ರೆಯಲ್ಲಿ ಡಾಕ್ಟರು ಬೈಯಲಿಲ್ಲ. ಕೂಸಿನ ಮೈಯ ನೀರು ಆರಿದೆ, ಕಾವಿಗೆ ಜ್ವರ ಏರಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದಷ್ಟೇ ಹೇಳಿ ಅಷ್ಟು ಸಣ್ಣ ಕೈಗೆ ಸೂಜಿ ಚುಚ್ಚಿದರು. ಕೂಸು ಅದಕ್ಕೂ ಅಳಲಿಲ್ಲ. ನೀಲಾಂಬಿಕ ಗೋಡೆಗೆ ಮುಖ ಮಾಡಿ ಬಸವಣ್ಣನನ್ನು ನೆನೆದಳು.

ಎರಡನೆಯ ದಿನ ಬಟ್ಟೆಬರೆ ತರಲು ಮನೆಗೆ ಬಂದಳು. ಹೊತ್ತು ಎರಡು ಗಂಟೆ. ಚೀಲ ತುಂಬಿದವಳು ಹೊರಡಲಿಲ್ಲ. ನಡುಕೋಣೆಗೆ ಹೋಗಿ ಬಾಗಿಲು ಹಾಕಿದಳು, ಕಿವಿಗೆ ಹತ್ತಿ ಇಟ್ಟಳು, ಹೊರಸಿನ ಮೇಲೆ ಮಲಗಿ ಕಂಬಳಿ ಹೊದ್ದಳು. ಮಗಳು ಮಲಗಿದಷ್ಟು ಹೊತ್ತು ತಾನೂ ಮಲಗಬೇಕು, ಸಂಜೆಯವರೆಗೆ. ಮೇಲೆ ಶೀಟು ಕಾದು ಟಕ್ ಟಕ್ ಎನ್ನುತ್ತಿತ್ತು. ಹೂಬಳ್ಳಿಯಿಂದ ಕಾವು ನೇರ ಮುಖದ ಮೇಲೆ ಇಳಿಯುತ್ತಿತ್ತು. ಕೆಂಡವಂತೂ ಇರಲೇ ಇಲ್ಲ. ಬೆವರು ಸುರಿದು ಕಂಬಳಿ ತೊಯ್ದಿತು, ಆಮೇಲೆ ಗಂಟಲು ಒಣಗಿತು, ಆಮೇಲೆ ಗೋಡೆಯ ಗಡಿಯಾರದ ಮುಳ್ಳು ಎರಡೆರಡಾಗಿ ಕಂಡಿತು. ನಲವತ್ತು ನಿಮಿಷವೂ ಆಗಿರಲಿಲ್ಲ. ಅವಳು ಕಂಬಳಿ ಒದ್ದು, ಚಿಲಕ ಕಿತ್ತು ಹಿತ್ತಲಿಗೆ ಓಡಿದಳು.

ಹೊಂಗೆಯ ಬುಡದಲ್ಲಿ ಮುಚ್ಚಿಗೆಯ ಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಓಣಿಯ ನಾಯಿಯೊಂದು ಅದರಲ್ಲಿ ಗುಂಡಿ ತೋಡಿ ಸುಖವಾಗಿ ನಿದ್ದೆಹೋಗಿತ್ತು. ನೀಲಾಂಬಿಕ ಅದರ ಪಕ್ಕದಲ್ಲೇ ಕುಸಿದು ಮಣ್ಣೊಳಗೆ ಕೈ ಇಟ್ಟಳು. ಅದು ತಣ್ಣಗಿತ್ತು. ನಾಯಿಗೆ ತಿಳಿದದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ಅವಳು ಅಲ್ಲಿ ಕೂತು ಬಹಳ ಹೊತ್ತು ಅತ್ತಳು. ಯಾರಿಗೂ ಹೇಳಲಿಲ್ಲ.

ಐದನೆಯ ದಿನ ಆಸ್ಪತ್ರೆಯವರು ಕೂಸನ್ನು ಮನೆಗೆ ಬಿಟ್ಟರು. ಗಂಗಾಶ್ರೀಯ ಗಂಡ ಹರ್ಷವರ್ಧನ ತಾಯಿಯನ್ನು ಕರೆದುಕೊಂಡು ಬಂದಿದ್ದ.

“ನಾನು ಆನವಟ್ಟಿಗೆ ಹೋಗ್ತೀನವ್ವ,” ಎಂದಳು ಗಂಗಾಶ್ರೀ. ತಾಯಿಯ ಮುಖ ನೋಡಲಿಲ್ಲ.

ತಿಂಗಳು ತುಂಬುವ ಮೊದಲೇ ಬಾಣಂತಿ ತವರು ಬಿಟ್ಟು ಗಂಡನ ಮನೆಗೆ ಹೋಗುವುದೆಂದರೆ ಊರಿಗೆ ಬೇರೆ ಡಂಗುರ ಬೇಕಿಲ್ಲ. ರಾಜೇಶ್ವರಮ್ಮ ಏನೂ ಅನ್ನಲಿಲ್ಲ. ನೀಲಾಂಬಿಕಳ ಕೈಯಿಂದ ಕೂಸನ್ನು ಮೆಲ್ಲಗೆ ತೆಗೆದುಕೊಂಡಳು. ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ನೀಲಾಂಬಿಕ ಮಾಸ್ತಪ್ಪನ ಮನೆಗೆ ತಾನೇ ನಡೆದುಹೋದಳು. “ಮಣ್ಣು ವಾಪಸ್ ಮೇಲಕ್ಕೆ ಹಾಕಪ್ಪ.”

“ಯಾತರ ಮೇಲೆ ಹಾಕ್ಲಿ ಅಮ್ಮಾರೆ? ತೊಲೆ ಮಾರಿಬಿಟ್ರಿ. ಆ ಕಬ್ಬಿಣದ ಪೈಪು ಇಷ್ಟು ಭಾರ ಹೊರಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೂಬಳ್ಳಿಯ ಸೀಲಿಂಗನ್ನು ನೀಲಾಂಬಿಕಳೇ ನಿಂತು ಬಿಚ್ಚಿಸಿದಳು. ಸಂಗಮೇಶ ಶಿವಮೊಗ್ಗದಿಂದ ಉಣ್ಣೆಯಂಥ ಹಾಸಿನ ಸುರುಳಿಗಳನ್ನು ತಂದು ಶೀಟಿನ ಅಡಿಗೆ ಹಾಸಿ, ಕೆಳಗೆ ಸಿಮೆಂಟ್ ಹಲಗೆ ಹೊಡೆಸಿದ. ಬಿಸಿಗಾಳಿ ಹೊರಹೋಗಲು ಎರಡು ತುದಿಗೂ ಜಾಲರಿ ಕಿಂಡಿ ಬಿಡಿಸಿದ. ಶೀಟಿನ ಮೇಲೆ ಸುಣ್ಣ ಬಳಿಸಿದರು. ಹಳೆಯ ಮಣ್ಣು ಪೂರ್ತಿ ದಂಡವಾಗಲಿಲ್ಲ. ಮಾಸ್ತಪ್ಪ ಅದಕ್ಕೆ ಭತ್ತದ ಹೊಟ್ಟು ಕಲಸಿ ಪಡುವಣ ಗೋಡೆಗೆ ಅಂಗೈ ಅಗಲ ದಪ್ಪಕ್ಕೆ ಮೆತ್ತಿದ. ಆ ಮಣ್ಣನ್ನು ತುಳಿದು ಹದ ಮಾಡಿದ್ದು ನೀಲಾಂಬಿಕ. ವೀರಮ್ಮ ಬೇಡವೆಂದರೂ ಕೇಳದೆ ಸೀರೆ ಎತ್ತಿಕಟ್ಟಿ ಎರಡು ದಿನ ತುಳಿದಳು.

ಕೆಲಸ ಮುಗಿದ ಮೇಲೆ ಮೂರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಲ್ಲಿ ಮಲಗಿ ನೋಡಿದಳು. ನಾಲ್ಕನೆಯ ದಿನ ಮಗಳಿಗೆ ಫೋನ್ ಮಾಡಿದಳು.

“ಕೋಣೆ ತಣ್ಣಗಾಗೈತೆ ಕಣೆ. ಮುಚ್ಚಿಗೆಯಷ್ಟಲ್ಲ, ಆದ್ರೂ ಬ್ಯಾರೆ ಥರ ಐತೆ. ಕಿಟಕಿನೂ ತೆಗಿತೀನಿ, ಫ್ಯಾನೂ ಹಾಕ್ತೀನಿ. ಬಾರೆ.”

ಗಂಗಾಶ್ರೀ ಕೇಳಿದಳು: “ನೀನು ಮಲಗಿ ನೋಡಿದ್ಯಾ?”

“ನೋಡೀನಿ. ಮೊದ್ಲೂ ನೋಡಿದ್ದೆ. ನೀವು ಆಸ್ಪತ್ರ್ಯಾಗೆ ಇದ್ದಾಗ.” ನೀಲಾಂಬಿಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ನಲವತ್ತು ನಿಮಿಷ ತಡಿಯಾಕೆ ಆಗ್ಲಿಲ್ಲ ನಂಗೆ. ಚಿಲಕ ತೆಗ್ದು ಓಡಿ ಬಂದೆ. ನಂಗೆ ಚಿಲಕ ತೆಗಿಯಾಕೆ ಬರ್ತಿತ್ತು. ಆ ಕೂಸಿಗೆ ಬರ್ತಿರ್ಲಿಲ್ಲ.”

“ನಂಗೂ ಬರ್ತಿತ್ತಲ್ಲವ್ವ,” ಎಂದಳು ಗಂಗಾಶ್ರೀ. “ನೀನು ಬೈತೀಯ ಅಂತ ನಾನೂ ತೆಗಿಲಿಲ್ಲ.”

ಬರುತ್ತೇನೆಂದು ಗಂಗಾಶ್ರೀ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅಷ್ಟರಲ್ಲಿ ಅತ್ತ ಕಡೆ ಕೂಸು ಎದ್ದು ಮನೆ ಹಾರಿಹೋಗುವಂತೆ ಅಳತೊಡಗಿತು.

“ಫೋನ್ ಇಡ್ತೀನವ್ವ, ಅಳಾಕ್ಹತ್ತೈತೆ.”

“ಇಡಬ್ಯಾಡ,” ಎಂದಳು ನೀಲಾಂಬಿಕ. “ಅದು ಅಳಾದು ಒಂಚೂರು ಕೇಳ್ತೀನಿ.”